ಮೂರು ಗಂಟೆಯ ತಪ್ಪುಗಳು

ತಪ್ಪು ಎಣಿಸುವುದು ನನ್ನ ಕೆಲಸ.
ಉಲಾನ್‌ಬಾತರಿನ ಈ ಐದನೇ ಮಹಡಿಯಲ್ಲಿ
ಸತ್ತ ದನಕುರಿಗಳ ವಿಮೆಯ ಕಾಗದಗಳು
ಹದಿನೇಳು ಮೇಜು ದಾಟಿ ಕೊನೆಗೆ ನನ್ನ ಮುಂದೆ ಬರುತ್ತವೆ.
ಹಸಿರು ಪೆನ್ನು ನನ್ನದು. ಕೆಂಪು, ಸಾಹೇಬರದು.

ಬೆಳಗ್ಗೆ ಎಲ್ಲರೂ ಜಾಣರು.
ಹತ್ತು ಗಂಟೆಯ ಕಾಗದದಲ್ಲಿ ಕುದುರೆ ಕುದುರೆಯೇ, ಆಡು ಆಡೇ,
ಹಿಮ ತಿಂದದ್ದೆಷ್ಟು, ತೋಳನ ಪಾಲೆಷ್ಟು, ಲೆಕ್ಕ ಚೊಕ್ಕ.
ಮೂರರ ಹೊತ್ತಿಗೆ
ಜಾರ್ಗಲ್ ಹದಿನಾಲ್ಕು ಯಾಕ್‌ಗಳನ್ನು
ನಲವತ್ತೊಂದು ಮಾಡಿ ಕೊಲ್ಲುತ್ತಾನೆ.
ಚೆವೆಲ್ಮಾ ಒಮ್ಮೆ, ಗೋಬಿಯ ಕಡೆಯ ಒಬ್ಬ ಜೀವಂತ ಮುದುಕನನ್ನು
ಸತ್ತ ಒಂಟೆಗಳ ಸಾಲಿಗೆ ಸೇರಿಸಿ ಸಹಿ ಹಾಕಿದಳು.
ನಾನೂ ಓದಿದೆ. ಸರಿ ಎಂದು ಗೀಟೂ ಎಳೆದೆ.
ಒಂಟೆಗೆ ಅಷ್ಟುದ್ದದ ಹೆಸರು ಇರುತ್ತದೆಯೇ ಎಂದು
ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಇಲ್ಲಿ ಬಿಸಿ ನಮ್ಮ ಕೈಯಲ್ಲಿಲ್ಲ.
ಊರಾಚೆಯ ಸ್ಥಾವರದಲ್ಲಿ ಯಾರೋ ತಿರುಪು ತಿರುಗಿಸುತ್ತಾರೆ,
ಇಲ್ಲಿ ಗೋಡೆಯ ಕಬ್ಬಿಣ ಕುದಿಯತೊಡಗುತ್ತದೆ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಒಳಗೆ ಇಪ್ಪತ್ತೊಂಬತ್ತು.
ನಡುವೆ ಒಂದು ಗಾಜು,
ಅದರ ಸಂದಿಗೆ ನಾವೇ ಅಂಟಿಸಿದ ಕಾಗದದ ಪಟ್ಟಿ.
ಮಧ್ಯಾಹ್ನದ ಕುರಿಮಾಂಸದ ಆವಿ, ಒದ್ದೆ ಬೂಟು,
ಹದಿನೇಳು ಜನ ಬಿಟ್ಟ ಉಸಿರು
ದಾರಿಯಿಲ್ಲದೆ ಅಲ್ಲೇ ಕೂತಿರುತ್ತವೆ, ಬಂದ ನೆಂಟರು ಏಳದ ಹಾಗೆ.
ತೂಕಡಿಸುವವನಿಗೆ ಹಾಸಿಗೆ ಹಾಸಿಕೊಡುವುದೆಂದರೆ ಇದೇ.

ತಪ್ಪಿಗಿಷ್ಟು ಸಂಬಳ ಕಡಿತ ಎಂದರು ಪುಂತ್ಸಾಗ್ ಸಾಹೇಬರು.
ಯಾರೂ ಉಸಿರೆತ್ತಲಿಲ್ಲ.
ಇದ್ದರೆ ತಾನೆ, ಎತ್ತುವುದು.

ಕಸ ಗುಡಿಸುವ ಖೋರ್ಲೋ
ಮೊಮ್ಮಗನ ಶಾಲೆಯಿಂದ ಒಂದು ಡಬ್ಬಿ ಕೇಳಿ ತಂದಳು,
ಸೋಪಿನ ಗಾತ್ರದ್ದು, ಗಾಳಿ ಅಳೆಯುವಂಥದ್ದು.
ಬಯಲ ಗಾಳಿಗೆ ಅದು ನಾನೂರ ಚಿಲ್ಲರೆ ತೋರಿಸುತ್ತದಂತೆ.
ನಮ್ಮಲ್ಲಿ ಒಂಬತ್ತಕ್ಕೆ ಆರುನೂರು,
ಹನ್ನೊಂದಕ್ಕೆ ಸಾವಿರದ ನೂರು,
ಮೂರಕ್ಕೆ ಎರಡು ಸಾವಿರದ ಮುನ್ನೂರ ನಲವತ್ತು.
ಪಕ್ಕದಲ್ಲಿ ನಾನು ಹಸಿರು ಪೆನ್ನಿನಿಂದ ತಪ್ಪುಗಳನ್ನು ಬರೆದೆ:
ಎರಡು. ಐದು. ಹತ್ತೊಂಬತ್ತು.
ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಕುದುರೆಗಳಂತೆ
ಸಾಲುಗಳೆರಡೂ ಒಟ್ಟಿಗೇ ಏರು ಹತ್ತಿದವು.

ಸಾಹೇಬರು ಚೀಟಿ ನೋಡಿದರು. ತಿರುಗಿಸಿ ಹಿಂದೆಯೂ ನೋಡಿದರು.
‘ಹಾಗಾದರೆ ಕಿಟಕಿ ತೆಗೀರಿ.’

ತೆಗೆದೆವು.
ಪಟ್ಟಿ ಕಿತ್ತು, ಚೌಕಟ್ಟಿನ ಮಂಜುಗಡ್ಡೆ ಒಡೆದು, ಅಂಗೈ ಅಗಲ.
ಡಬ್ಬಿಯ ಅಂಕಿ ದಡದಡ ಇಳಿಯಿತು.
ಯಾರೋ ಹೆಸರು ಹಿಡಿದು ಕರೆದಂತೆ
ಜಾರ್ಗಲ್ ತಲೆಯೆತ್ತಿದ.
ಹತ್ತು ನಿಮಿಷ.

ಆಮೇಲೆ ಹೊಗೆ ಬಂತು.
ಗುಡ್ಡದ ಮೇಲಿನ ದುಂಡು ಗುಡಾರಗಳ ಕಲ್ಲಿದ್ದಲ ಹೊಗೆ,
ನಾಲಿಗೆಯ ಮೇಲೆ ಹಳೆಯ ನಾಣ್ಯದ ರುಚಿ.
ಡಬ್ಬಿಗೆ ಅದು ಕಾಣದು, ಅದು ಅಳೆಯುವುದೇ ಬೇರೆ;
ಅಂಕಿ ಇಳಿಯುತ್ತಲೇ ಇತ್ತು, ನಾವು ಕೆಮ್ಮುತ್ತಲೇ ಇದ್ದೆವು.
ಅತ್ತ ದರಿ, ಇತ್ತ ಪುಲಿ,
ನಡುವೆ ಜಾನುವಾರು ವಿಮಾ ವಿಭಾಗ.

‘ಯಾರ ಮನೆಯದಪ್ಪಾ ಇದು!’ ಎಂದರು ಸಾಹೇಬರು.
ಚೆವೆಲ್ಮಾ ಗುಡ್ಡದ ಕಡೆ ಬೆರಳು ಮಾಡಿದಳು.
‘ಆ ನೀಲಿ ಬೇಲಿ ಇದೆಯಲ್ಲ, ಅದರ ಮೇಲಿನ ಎರಡನೆಯದು. ನನ್ನದು.
ಬೆಳಗ್ಗೆ ಆರಕ್ಕೆ ನಾಲ್ಕು ಉಂಡೆ ಹಾಕಿ ಬಂದೆ.
ಮಗುವಿಗೆ ನೆಗಡಿ.
ಅತ್ತೆ ಈಗ ಇನ್ನೆರಡು ಹಾಕಿರಬೇಕು.’

ಜಾರ್ಗಲ್ ಎದ್ದು ಕಿಟಕಿ ಎಳೆದ.
ಪೂರ್ತಿಯಲ್ಲ. ಎರಡು ಬೆರಳು ಬಿಟ್ಟು.

ಈಗ ಸಾವುಗಳನ್ನೆಲ್ಲ ಬೆಳಗ್ಗೆಯೇ ಎಣಿಸಿ ಮುಗಿಸುತ್ತೇವೆ.
ಮಧ್ಯಾಹ್ನಕ್ಕೆ ಠಸ್ಸೆ, ಲಕೋಟೆ, ಅಂಟು.
ಕಡಿತದ ಮಾತು ಸಾಹೇಬರು ಮತ್ತೆ ಎತ್ತಿಲ್ಲ, ಬಿಟ್ಟೂ ಇಲ್ಲ.

ನಿನ್ನೆ ಗೋಬಿಯಿಂದ ಆ ಮುದುಕನ ಪತ್ರ ಬಂತು, ಪೆನ್ಸಿಲಿನಲ್ಲಿ:
ಸ್ವಾಮಿ, ನಾನು ಒಂಟೆಯಲ್ಲ.
ಇನ್ನೂ ಉಸಿರಾಡಿಕೊಂಡಿದ್ದೇನೆ,
ಇಲ್ಲಿ ಗಾಳಿಗೇನೂ ಬರವಿಲ್ಲ.

ಹಸಿರು ಪೆನ್ನು ಹಿಡಿದು ಎರಡು ಸಲ ಓದಿದೆ.
ಒಂದು ತಪ್ಪೂ ಸಿಗಲಿಲ್ಲ.